ಕೇಕಿಗೆ ಕಂಬ ನೆಟ್ಟ ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ಹಗುರವಾದ ವಸ್ತು ಮಾಡಲು ಬರುತ್ತಲೇ ಇರಲಿಲ್ಲ ಎಂದರೆ ನೀವು ನಂಬಬೇಕು. ಬೇಸಾಯ ಅವರ ಕಸುಬು, ಮರಗೆಲಸ ಅವರ ಹುಚ್ಚು. ಅವರು ಮಾಡಿದ ಊಟದ ಮಣೆಯನ್ನು ಎಳೆದು ಹಾಕುವಷ್ಟರಲ್ಲಿ ಸಾರು ಆರಿಹೋಗುತ್ತಿತ್ತು. ಒಳಮನೆಯಲ್ಲೇ ಕೂತು ಮಾಡಿದ ಮಂಚ ಹೊರಗೆ ಬರದಿದ್ದಾಗ, ಬೈಸಿಕೊಂಡದ್ದು ಬಾಗಿಲು!

ಇಂಥವರ ಕೈಗೆ ಕೇಕು ಸಿಕ್ಕಿದರೆ?

ಅರವತ್ತರ ದಶಕದ ಮಾತು. ಚಿಕ್ಕಬಳ್ಳಾಪುರದಲ್ಲಿ ಪಕ್ಕದ ಮನೆಯ ಕ್ರಿಶ್ಚಿಯನ್ ನರ್ಸಮ್ಮನಿಂದ ದೊಡ್ಡಮ್ಮ ಕೇಕು ಮಾಡುವುದನ್ನು ಕಲಿತಿದ್ದರು. ತಗಡಿನ ಡಬ್ಬಿ, ಮೇಲೂ ಕೆಳಗೂ ಕೆಂಡ. ನರ್ಸಮ್ಮನ ಅಕ್ಕನ ಮದುವೆಗೆ ಮೂರಂತಸ್ತಿನ ಕೇಕು ಮಾಡಿ, ಸಕ್ಕರೆಯ ಹೂವು ಅಂಟಿಸಿ, ಗೌರಿಬಿದನೂರಿನ ಬಸ್ಸು ಹತ್ತಿದರು. ಮಂಚೇನಹಳ್ಳಿ ದಾಟುವಷ್ಟರಲ್ಲಿ ಮೇಲಿನ ಅಂತಸ್ತು ಕೆಳಗಿನದರೊಳಗೆ ಸಂಸಾರ ಹೂಡಿತ್ತು! "ಇದನ್ನ ಸೌಟಲ್ಲಿ ಬಡಿಸ್ಬೇಕಾ?" ಎಂದು ಮದುವೆಮನೆಯಲ್ಲಿ ಯಾರೋ ನಕ್ಕರು. ದೊಡ್ಡಮ್ಮ ಮನೆಗೆ ಬಂದು ಡಬ್ಬಿಯನ್ನು ಅಟ್ಟಕ್ಕೆಸೆದು ಅತ್ತರು, ಅತ್ತರು, ಒಂದು ವಾರ ಅತ್ತರು.

ಆಮೇಲೆ ನರ್ಸಮ್ಮನದೇ ಮದುವೆ ಗೊತ್ತಾಯಿತು, ಚಿಂತಾಮಣಿಯಲ್ಲಿ. "ಕೇಕು ನೀವೇ ಮಾಡ್ಬೇಕು ಅಕ್ಕಾ" ಎಂದು ಒಂದೇ ಹಟ.

"ಈ ಸಲಾನೂ ಬಿದ್ರೆ ನಾನು ಯಾರಿಗೂ ಮುಖ ತೋರ್ಸಲ್ಲ ಕಣಮ್ಮ" ಎನ್ನುತ್ತಲೇ ದೊಡ್ಡಮ್ಮ ಒಪ್ಪಿಕೊಂಡರು.

ದೊಡ್ಡಪ್ಪ ಉಳಿ ಎತ್ತಿಕೊಂಡರು. "ತಲೆ ಮೇಲೆ ಇನ್ನೊಬ್ರು ಕೂತ್ರೆ ಕೆಳಗಿಂದು ಏನ್ ಮಾಡ್ತದೆ ಪಾಪ? ಒಂದೊಂದಕ್ಕೂ ಬೇರೆ ಹಲಗೆ ಬೇಕು ಕಣೇ!" ಹಲಸಿನ ಮರದ ಪೀಠ, ನಡುವೆ ಕಂಬ, ಕಂಬಕ್ಕೆ ದುಂಡು ಹಲಗೆಗಳು, ಅವಕ್ಕೆ ಅಡಿಯಲ್ಲಿ ಬೆಣೆ. ಎತ್ತಲು ಇಬ್ಬರು ಬೇಕು!

ಪರೀಕ್ಷೆ ಆಗಬೇಡವೇ? ಕೇಕಿನ ಬದಲು ರಾಗಿಮುದ್ದೆ ಪೇರಿಸಿ, ಗಾಡಿಗೇರಿಸಿ, ಕೆರೆ ಏರಿಯ ಮೇಲೆ ಎತ್ತುಗಳನ್ನು ಓಡಿಸಿದರು.

"ಏಮಿ ಗೌಡ್ರೇ, ಮುದ್ದೆಗೆ ಮೆರವಣಿಗೇನಾ?" ಎಂದರು ದಾರಿಹೋಕರು.

"ಮುದ್ದೆಗಲ್ಲಯ್ಯ, ಮರಕ್ಕೆ!"

ಮದುವೆಯ ದಿನ ನಾನೂ ಜೊತೆಗಿದ್ದೆ. ಬಸ್ಸಿನಲ್ಲಿ ದೊಡ್ಡಪ್ಪ ಕೇಕು ಕೂರಿಸಿದ ಪೀಠವನ್ನು ಕಾಲುಗಳ ನಡುವೆ ಇಟ್ಟುಕೊಂಡು, ಎರಡೂ ಕೈಗಳಿಂದ ತಬ್ಬಿ ಕೂತರು. "ಇವರಿಗೂ ಟಿಕೆಟ್ ತಗೊಳ್ಳಿ" ಎಂದ ಕಂಡಕ್ಟರ್. ಶಿಡ್ಲಘಟ್ಟ ದಾಟಿದ ಮೇಲೆ ಒಂದು ಹಳ್ಳಕ್ಕೆ ಬಸ್ಸು ಧಡಾರನೆ ಇಳಿಯಿತು. ಯಾರದೋ ಪೇಟ ಹಾರಿತು, ಕೋಳಿ ಬುಟ್ಟಿ ಉರುಳಿತು, ಕಂಡಕ್ಟರ್ ನನ್ನ ಕಾಲ ಬಳಿ ಕೂತಿದ್ದ. ಕೇಕಿನ ಒಂದು ಹೂವೂ ಅಲುಗಲಿಲ್ಲ!

ಮದುವೆಮನೆಯಲ್ಲಿ ದೊಡ್ಡಮ್ಮನನ್ನು ಹೊಗಳದವರಿಲ್ಲ. ಊಟಕ್ಕೆ ಮುಂಚೆ ಕೈ ತೊಳೆಯಲು ದೊಡ್ಡಪ್ಪ ಅಂಗಿಯ ತೋಳು ಮಡಿಸಿದಾಗ ನೋಡುತ್ತೇನೆ, ಎರಡೂ ಮುಂಗೈ ಕಂದಿ ನೀಲಿಗಟ್ಟಿವೆ.

"ಅಷ್ಟು ಗಟ್ಟಿ ಮಾಡಿದ್ರಲ್ಲ ದೊಡ್ಡಪ್ಪ, ಹಿಂಗ್ಯಾಕೆ ಹಿಡ್ಕೊಂಡ್ರಿ?"

ಅವರು ಸರಕ್ಕನೆ ತೋಳು ಇಳಿಸಿಕೊಂಡರು. "ಮರದ ಮೇಲೆ ನಂಗೆ ಅನುಮಾನ ಇರ್ಲಿಲ್ಲ ಕಣಮ್ಮ. ಅವಳು ಇನ್ನೊಂದ್ಸಲ ಅಳೋದನ್ನ ನೋಡಕ್ಕೆ ನನ್ನ ಕೈಲಿ ಆಗ್ತಿರ್ಲಿಲ್ಲ."

ತಂಬಿಗೆ ಹಿಡಿದು ಹಿಂದೆಯೇ ನಿಂತಿದ್ದ ದೊಡ್ಡಮ್ಮ ಅದನ್ನು ಕೇಳಿಸಿಕೊಂಡು, ಮದುವೆಮನೆ ಎಂಬುದನ್ನೂ ಮರೆತು, ಅತ್ತೇಬಿಟ್ಟರು.