ಸೂರು ನೋಡಿ ಹಾಡಿದ ಕಲ್ಪನಾಸ್ವರ

ನನಗೆ ಯಾವುದೂ ತಟ್ಟನೆ ಹೊಳೆಯುವುದಿಲ್ಲ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕರೆ ಏನು ಮಾತಾಡಬೇಕೆಂದು ಮನೆಯಿಂದಲೇ ತಯಾರಾಗಿ ಹೊರಡುವವಳು ನಾನು. ಇಲ್ಲಿ ಜಪಾನಿನಲ್ಲಿ ಕೊಂಬಿನಿ ಅನ್ನುವ ಪುಟ್ಟ ಅಂಗಡಿಯಲ್ಲಿ ಚೀಲ ಬೇಡ ಅನ್ನುವ ಒಂದೇ ಒಂದು ವಾಕ್ಯವನ್ನು ಸಾಲಿನಲ್ಲಿ ನಿಂತು ಐದು ಸಲ ಹೇಳಿಕೊಳ್ಳುತ್ತೇನೆ; ಅಷ್ಟರಲ್ಲಿ ಕೌಂಟರಿನ ಹುಡುಗಿ ಎಲ್ಲವನ್ನೂ ಚೀಲಕ್ಕೆ ತುಂಬಿಬಿಟ್ಟಿರುತ್ತಾಳೆ. ಇಂಥವಳು ಕಲ್ಪನಾಸ್ವರ ಹಾಡಲು ಹೊರಟಿದ್ದೇ ತಪ್ಪು. ಆ ಕ್ಷಣಕ್ಕೆ ತೋಚಿದ್ದನ್ನು ಹಾಡಬೇಕು, ಅದರ ಸೊಗಸೇ ಅದು. ನಾನೋ, ಎಲ್ಲವನ್ನೂ ಮೊದಲೇ ಕಟ್ಟಿಕೊಂಡು ಬಾಯಿಪಾಠ ಮಾಡಿದ್ದೆ.

ಕೊರೋನಾ ಕಾಲ. ನಮ್ಮ ಕನ್ನಡದವರ ಯುಗಾದಿ ಕಾರ್ಯಕ್ರಮ ಆ ಸಲ ಆನ್‌ಲೈನ್. ಕಾವಾಸಾಕಿಯ ನಮ್ಮ ಪುಟ್ಟ ಮನೆಯ ಗೋಡೆ ತೆಳು. ಆಚೆ ಪಕ್ಕದ ಮನೆಯ ಸಾತೋ ಸಾನ್ ವರ್ಕ್ ಫ್ರಮ್ ಹೋಮ್. ಅವರಿಗೆ ತೊಂದರೆಯಾಗದಿರಲೆಂದು ಹಾಸಿಗೆ ಮಡಚಿಡುವ ಕಪಾಟಿನೊಳಗೆ ತಲೆ ತೂರಿಸಿ ಮೂರು ವಾರ ಕಲ್ಯಾಣಿ ರಾಗದ ಸ್ವರಗಳನ್ನು ಉರುಹೊಡೆದೆ. ಎಲ್ಲಿ ನಿಲ್ಲಿಸಿ, ಏನೋ ಹೊಳೆಯುತ್ತಿದೆ ಅನ್ನುವಂತೆ ಸೂರು ನೋಡಬೇಕು ಅನ್ನುವುದೂ ಪಾಠದಲ್ಲಿತ್ತು. ಶಾಲೆಯಿಲ್ಲದೆ ಮನೆಯಲ್ಲೇ ಇದ್ದ ಎಂಟು ವರ್ಷದ ಮಗಳು ಅನಿಕಾ ಅಲ್ಲೇ ಕೂತು ಚಿತ್ರ ಬಿಡಿಸುತ್ತಿದ್ದಳು.

ಕಾರ್ಯಕ್ರಮದ ದಿನ ಬಸವನಗುಡಿಯಿಂದ ನನ್ನ ಸಂಗೀತದ ಮಿಸ್ಸೂ ಸೇರಿಕೊಂಡರು. "ಉರುಹೊಡೀಬೇಡ್ವೇ, ತಪ್ಪಾದ್ರೂ ನಿನ್ನದೇ ಬರಲಿ" ಎಂದು ಹತ್ತು ವರ್ಷ ಬೇಡಿಕೊಂಡವರು ಅವರು. ಅವರ ಬಾಯಲ್ಲಿ ಒಂದೇ ಒಂದು ಭೇಷ್ ಕೇಳಬೇಕೆಂಬುದು ನನ್ನ ಆಸೆ.

ಆರಂಭ ಸರಾಗ. ಮಿಸ್ಸು ತಲೆದೂಗಿದರು. ಪಾಠದ ಪ್ರಕಾರ ನಿಲ್ಲಿಸಿ ಸೂರು ನೋಡಿದೆ. ನಾನು ಮರೆತೆನೆಂದುಕೊಂಡು ಅನಿಕಾ ಓಡಿಬಂದಳು.

"ಅಮ್ಮಾ, ದೈಜೋಬು? ಏನೂ ಆಗಿಲ್ಲ ತಾನೇ? ನೆಕ್ಸ್ಟ್ ಗ ಮ ಪ ದ ನಿ, ಆಮೇಲೆ ಎರಡು ಸಲ ಪ ದ ನಿ!" ಎಂದು ಉಳಿದದ್ದನ್ನೆಲ್ಲ ತಾಳದ ಸಮೇತ ಹಾಡಿ ಮುಗಿಸಿಯೇಬಿಟ್ಟಳು.

ಪರದೆಯ ಮೇಲಿನ ಮುಖಗಳೆಲ್ಲ ಸ್ತಬ್ಧ. ನೆಟ್‌ವರ್ಕ್ ಕೈಕೊಟ್ಟಿರಲಿ ದೇವರೇ ಅಂದುಕೊಂಡೆ. ಅದು ಚೆನ್ನಾಗಿಯೇ ಇತ್ತು.

"ಅದು... ಇವಳಿಗೆ ಹಾಡು ಹೇಳ್ಕೊಡ್ತಿದೀನಿ ಮಿಸ್. ಇವಳ ಪಾಠಾನೇ ಬಾಯಿಗೆ ಬಂದ್ಬಿಡ್ತು" ಎಂದೆ.

ಮಗಳು ನನ್ನ ಮುಖ ನೋಡಿದಳು. "ಬಟ್ ಅಮ್ಮಾ, ನಾನು ಪಿಯಾನೋ ಅಲ್ವಾ ಕಲಿಯೋದು?"

ಮಿಸ್ಸು ಮೆಲ್ಲಗೆ, "ಈಗ ಒಂದು ಸುಳ್ಳು ಹೇಳಿದ್ಯಲ್ಲ, ಅದು ಮಾತ್ರ ನಿನ್ ಸ್ವಂತದ್ದು ಕಣೇ" ಎಂದರು.

ಕೂತಲ್ಲೇ ಇಂಗಿಹೋಗಬೇಕೆನಿಸಿತು. ಸಹಾಯಕ್ಕೆಂದು ಓಡಿಬಂದ ಮಗುವಿನ ತಲೆಗೇ ತಪ್ಪು ಕಟ್ಟಿದೆನಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ. ಅವಳ ಹತ್ತಿರ ಸಾರಿ ಕೇಳಿದ್ದೇನೆ, ಮಿಸ್ಸಿಗೂ ಫೋನು ಮಾಡಿ ಒಪ್ಪಿಕೊಂಡಿದ್ದೇನೆ. ಆದರೂ ಪಾತ್ರೆ ತೊಳೆಯುವಾಗ ಒಮ್ಮೊಮ್ಮೆ ಅನಿಸುವುದುಂಟು, ಆ ಸುಳ್ಳನ್ನೂ ಮೊದಲೇ ನಾಲ್ಕು ಸಲ ಅಭ್ಯಾಸ ಮಾಡಿಕೊಂಡಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ.