ದ್ವಾದಶಿ ಎರಡು ಇಪ್ಪತ್ತರವರೆಗೆ

ಪಂಚಾಂಗ ನೋಡುವುದೇನು ಮಹಾ ವಿದ್ಯೆಯೇ? ತಿಥಿಯ ಎದುರು ಅಂಕಿ ಇರುತ್ತದೆ, ನನಗೆ ಅಂಕಿ ಓದಲು ಬರುತ್ತದೆ. ಅಪ್ಪ ತೀರಿಕೊಂಡ ಮೇಲೆ, ತೊಂಬತ್ತರ ದಶಕದ ಒಂದು ಏಕಾದಶಿಯಂದು, ನಮ್ಮ ಚಾಮರಾಜಪೇಟೆ ಮನೆಯ ಪಂಚಾಂಗಾಧಿಕಾರವನ್ನು ನಾನು ವಿಧ್ಯುಕ್ತವಾಗಿ ವಹಿಸಿಕೊಂಡೆ.

ಅಮ್ಮನಿಗೆ ಎಪ್ಪತ್ತೆರಡು. ಏಕಾದಶಿ ದಿನ ತೊಟ್ಟು ನೀರನ್ನೂ ಮುಟ್ಟುವವಳಲ್ಲ. ಮರುದಿನ ದ್ವಾದಶಿ ಮುಗಿಯುವುದರೊಳಗೆ ತೀರ್ಥವನ್ನಾದರೂ ತೆಗೆದುಕೊಂಡು ಉಪವಾಸ ಬಿಡಬೇಕು, ಅದೇ ಪಾರಣೆ. ತಪ್ಪಿದರೆ ಉಪವಾಸವೆಲ್ಲ ವ್ಯರ್ಥ. ಐವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

“ನಾಳೆ ದ್ವಾದಶಿ ಎಷ್ಟೊತ್ತಿನವರೆಗೆ ಇದೆಯೋ?” ಎಂದಳು.

“ಎರಡು ಇಪ್ಪತ್ತು! ಮಧ್ಯಾಹ್ನ ಆರಾಮಾಗಿ ಊಟ ಮಾಡಮ್ಮ.”

ಅಮ್ಮ ಒಂದು ಕ್ಷಣ ನನ್ನನ್ನೇ ನೋಡಿದಳು. ಮೆಚ್ಚುಗೆ ಎಂದುಕೊಂಡೆ.

ಬೆಳಿಗ್ಗೆ ಅವಳು ಬೇಗನೆ ರಸ್ತೆಯ ಕೊನೆಯ ದೇವಸ್ಥಾನಕ್ಕೆ ಹೊರಟಳು. ಆರು ಐವತ್ತೈದಕ್ಕೆ ನಾನು ಹಿತ್ತಲಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಶೇಷಮ್ಮನವರು ಕಾಂಪೌಂಡಿನಿಂದ ಇಣುಕಿದರು.

“ಅಮ್ಮಂದು ಪಾರಣೆ ಆಯ್ತೇನಪ್ಪಾ?”

“ಎರಡು ಇಪ್ಪತ್ತರವರೆಗೂ ಟೈಮಿದೆ ಬಿಡಿ.”

“ಅಯ್ಯೋ ರಾಮ! ಅದು ಗಂಟೆ ಅಲ್ಲಪ್ಪಾ, ಘಳಿಗೆ! ಸೂರ್ಯ ಹುಟ್ಟಿದ ಮೇಲೆ ಎರಡು ಘಳಿಗೆ, ಇಪ್ಪತ್ತು ವಿಘಳಿಗೆ!”

ಕೈಯಲ್ಲಿದ್ದ ಬ್ರಷ್ ಬಿತ್ತು. ಘಳಿಗೆಗೆ ಇಪ್ಪತ್ನಾಲ್ಕು ನಿಮಿಷ, ಇಪ್ಪತ್ತು ವಿಘಳಿಗೆಗೆ ಎಂಟು. ಒಟ್ಟು ಐವತ್ತಾರು. ಸೂರ್ಯೋದಯ ಆರು ಹನ್ನೆರಡು. ಅಂದರೆ ಏಳು ಎಂಟಕ್ಕೆ ದ್ವಾದಶಿ ಖಲಾಸ್! ಇಷ್ಟು ಲೆಕ್ಕ ಹಾಕುವುದರಲ್ಲೇ ಎರಡು ನಿಮಿಷ ಹೋಯಿತು.

“ರೀ, ಬೇಳೆ ಈಗಷ್ಟೇ ಒಲೆ ಮೇಲಿಟ್ಟಿದೀನಿ!” ಎಂದು ಹೆಂಡತಿ ಕಿರುಚಿದಳು.

“ಬೇಳೆ ಮನೆ ಹಾಳಾಗ್ಲಿ, ತೀರ್ಥ ಕೊಡು!”

ತೀರ್ಥದ ಪಂಚಪಾತ್ರೆ, ಉದ್ಧರಣೆ ಚಮಚ ಹಿಡಿದು ಓಡಿದೆ. ಬನಿಯನ್ನು, ಪಂಚೆ, ಒಂದು ಕೆನ್ನೆ ತುಂಬ ಸೋಪು. ಹಾಲಿನವನ ಸೈಕಲ್ಲಿಗೆ ಗುದ್ದಿದಾಗ ಅರ್ಧ ತೀರ್ಥ ಚೆಲ್ಲಿತು. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಇನ್ನಷ್ಟು.

“ಯಾಕ್ ಸಾರ್, ಮನೇಲಿ ಯಾರಿಗೆ ಸೀರಿಯಸ್ಸು?” ಎಂದು ಇಸ್ತ್ರಿಯವನು ಕೂಗಿದ. ನನಗೇ ಸೀರಿಯಸ್ಸಾಗಿತ್ತು!

ದೇವಸ್ಥಾನದ ಗಡಿಯಾರದಲ್ಲಿ ಏಳು ಏಳು. ಅಮ್ಮ ಕಂಬಕ್ಕೊರಗಿ ಕಣ್ಣು ಮುಚ್ಚಿ ಕುಳಿತಿದ್ದಳು. ಉದ್ಧರಣೆ ಅದ್ದಿದೆ. ಪಾತ್ರೆಯ ತಳದಲ್ಲಿ ಒಂದೇ ಒಂದು ತುಳಸಿ ಎಲೆ ಅಂಟಿಕೊಂಡಿತ್ತು.

“ಅಮ್ಮಾ, ತಪ್ಪಾಯ್ತು! ದ್ವಾದಶಿ ಮುಗೀತಾ ಇದೆ! ನಿನ್ನ ಐವತ್ತು ವರ್ಷಾನ ನಾನೇ ಹಾಳು ಮಾಡ್ಬಿಟ್ಟೆ!” ನಿಜವಾಗಿಯೂ ಅಳು ಬಂತು.

ಅಮ್ಮ ಕಣ್ಣು ತೆರೆದಳು. “ಸೂರ್ಯ ಹುಟ್ಟುತ್ಲೇ ತೀರ್ಥ ತಗೊಂಡಾಯ್ತು ಕಣೋ. ಅರ್ಚಕರನ್ನ ನಿನ್ನೆ ಸಂಜೇನೇ ಕೇಳಿದ್ದೆ.”

“ಮತ್ತೆ ನನಗ್ಯಾಕೆ ಹೇಳಲಿಲ್ಲ?”

“ಪಂಚಾಂಗ ಹಿಡ್ಕೊಂಡು ನಿಮ್ಮಪ್ಪನ ಥರಾನೇ ಗತ್ತಿನಲ್ಲಿ ಕೂತಿದ್ದೆ. ನೋಡಿ ಸಂತೋಷ ಆಯ್ತು. ಆದ್ರೆ ನಿನ್ನ ಲೆಕ್ಕದ ಮಾರ್ಕ್ಸ್ ಕಾರ್ಡಿಗೆ ಸೈನ್ ಹಾಕ್ತಿದ್ದೋಳು ನಾನಲ್ವೇನೋ?”

ಸೆರಗಿನಿಂದ ನನ್ನ ಕೆನ್ನೆಯ ಸೋಪು ಒರೆಸಿದಳು.

ಈಗ ಪಂಚಾಂಗಕ್ಕೆ ಸಂಬಂಧಿಸಿದಂತೆ ನನಗೆ ಉಳಿದಿರುವ ಅಧಿಕಾರ ಒಂದೇ: ಯುಗಾದಿಗೆ ಹೊಸದನ್ನು ತಂದು ಮೊಳೆಗೆ ನೇತುಹಾಕುವುದು. ಮೊಳೆ ಹೊಡೆದಿದ್ದು ಹೆಂಡತಿ.