ತಿಮಿಂಗಿಲದ ಕನಸಿನ ಬಗ್ಗೆ ಸ್ಪಷ್ಟೀಕರಣ

ಸಂಖ್ಯೆ: ಪಾಠ/ವಿಡಿಯೋ/ಪ್ರಶ್ನೆ/೧೭

ವಿಷಯ: ವಿಡಿಯೋ ಕರೆಯ ಮೂಲಕ ತರಗತಿಗೆ ಬರುವ ಹೊರಗಿನ ತಜ್ಞರು "ಗೊತ್ತಿಲ್ಲ" ಎನ್ನುವುದನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ: ಮುಖ್ಯೋಪಾಧ್ಯಾಯರು ಗಾಬರಿಯಿಂದ ಮಾಡಿದ ಫೋನ್.

ಶಿಕ್ಷಣ ಇಲಾಖೆಯ ಈ ಕಚೇರಿಯ ಪಕ್ಕದ ಶಾಲೆಯ ಐದನೇ ತರಗತಿಗೆ ಕಳೆದ ಗುರುವಾರ ಕಡಲ ಪ್ರಾಣಿಗಳ ತಜ್ಞೆಯೊಬ್ಬರನ್ನು ವಿಡಿಯೋ ಕರೆಯಲ್ಲಿ ಕರೆಸಲಾಗಿತ್ತು. ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ ಕೊನೆಯ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು, "ಮೇಡಂ, ತಿಮಿಂಗಿಲಕ್ಕೆ ಕನಸು ಬೀಳುತ್ತಾ?" ಎಂದು ಕೇಳಿರುತ್ತಾಳೆ. ತಜ್ಞೆಯು ಯಾವುದೇ ಪೂರ್ವಾನುಮತಿ ಪಡೆಯದೆ, "ಗೊತ್ತಿಲ್ಲ ಪುಟ್ಟಿ. ನಿದ್ದೆ ಮಾಡೋರನ್ನ ನೀವೇ ಚೆನ್ನಾಗಿ ನೋಡಿ, ಮುಂದಿನ ಗುರುವಾರ ನಂಗೆ ಹೇಳಿ" ಎಂದಿರುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟಿರುತ್ತಾರೆ. ಇದನ್ನು ಗಂಭೀರವಾಗಿ ಪರಿಗಣಿಸಿ ಈ ಕೆಳಗಿನಂತೆ ಕಟ್ಟುನಿಟ್ಟು ಮಾಡಲಾಗಿದೆ:

೧. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ ಕೇಳತಕ್ಕದ್ದು.

೨. ಉತ್ತರ ತಿಳಿಯದಿದ್ದಲ್ಲಿ ತಜ್ಞರು ನೆಟ್‌ವರ್ಕ್ ಕೈಕೊಟ್ಟವರಂತೆ, ಬಾಯಿ ಅರೆ ತೆರೆದು, ರೆಪ್ಪೆಯನ್ನೂ ಬಡಿಯದೆ ಕುಳಿತಿರತಕ್ಕದ್ದು. ತರಗತಿ ಶಿಕ್ಷಕಿಯು "ಛೇ, ನೆಟ್‌ವರ್ಕ್ ಹೋಯ್ತು ಮಕ್ಕಳೇ" ಎಂದು ಸಮಾಧಾನಪಡಿಸತಕ್ಕದ್ದು.

೩. ಇದರ ತಾಲೀಮಿನ ವೇಳೆ ತಜ್ಞೆಯ ಬೆಕ್ಕು ಅವರ ಬೆನ್ನ ಹಿಂದೆಯೇ ಮೈಮುರಿದು ನಡೆದುಹೋಗಿ ಗುಟ್ಟು ರಟ್ಟಾಗಿರುವುದರಿಂದ, ಮೇಲಿನ ನಿಯಮವನ್ನು ಬೆಕ್ಕಿಗೂ, ಫ್ಯಾನಿಗೂ, ಕಿಟಕಿಯ ಪರದೆಗೂ ವಿಸ್ತರಿಸಲಾಗಿದೆ.

೪. "ಗೊತ್ತಿಲ್ಲ" ಎನ್ನುವ ಅಧಿಕಾರವನ್ನು ಇಲಾಖೆಯು ತನ್ನಲ್ಲೇ ಕಾಯ್ದಿರಿಸಿಕೊಂಡಿದೆ. ಇಲಾಖೆಯಲ್ಲಿ ಈವರೆಗೆ ಯಾರಿಗೂ ಅದರ ಅಗತ್ಯ ಬಿದ್ದಿರುವುದಿಲ್ಲ.

೫. ತಜ್ಞೆಯ ಮಾತು ಕೇಳಿಕೊಂಡು ಮಕ್ಕಳು, ನಿದ್ದೆ ಮಾಡುವವರನ್ನು ಹುಡುಕುತ್ತಾ ಈ ಕಚೇರಿಯ ಕಿಟಕಿಯವರೆಗೆ ಬಂದಿರುತ್ತಾರೆ. ಊಟದ ನಂತರ ಅಧಿಕಾರಿಯೊಬ್ಬರು ಕಡತದ ಮೇಲೆ ತಲೆಯಿಟ್ಟು ಆಳವಾದ ಚಿಂತನೆಯಲ್ಲಿದ್ದುದನ್ನು ಕಂಡು, "ನೋಡ್ರೋ, ಕಾಲು ಆಡಿಸ್ತಾರೆ, ಮಧ್ಯೆ ಮಧ್ಯೆ ನಗ್ತಾರೆ" ಎಂದು ಪಿಸುಗುಟ್ಟಿರುತ್ತಾರೆ. ಈ ವರದಿ ತಜ್ಞೆಗೆ ತಲುಪಿದರೆ ಇಲಾಖೆಯ ಮರ್ಯಾದೆ ಮೂರಾಬಟ್ಟೆಯಾಗುವುದರಿಂದ ಬರುವ ಗುರುವಾರದ ಕರೆಯನ್ನು ರದ್ದುಪಡಿಸಲು ಉದ್ದೇಶಿಸಲಾಗಿತ್ತು.

೬. ಆದರೆ ಅಧಿಕಾರಿಗೆ ಎಚ್ಚರವಾದ ಕೂಡಲೇ ಸದರಿ ವಿದ್ಯಾರ್ಥಿನಿಯು ಕಿಟಕಿಯ ಸರಳಿನಾಚೆಯಿಂದ, "ಅಂಕಲ್, ಏನ್ ಕನಸು ಬಿತ್ತು?" ಎಂದು ಕೇಳಿರುತ್ತಾಳೆ. ಸೇವೆಗೆ ಸೇರಿದಂದಿನಿಂದ ಆ ಅಧಿಕಾರಿಯನ್ನು ಕಡತ ಎಲ್ಲಿ, ಸಹಿ ಯಾವಾಗ ಎಂದು ಕೇಳಿದವರೇ ಎಲ್ಲರೂ. ಇದನ್ನು ಯಾರೂ ಕೇಳಿರಲಿಲ್ಲ. ಅಧಿಕಾರಿಗೆ ಬಹಳ ಖುಷಿಯಾಗಿರುತ್ತದೆ. ಆದಕಾರಣ ಗುರುವಾರದ ಕರೆಯನ್ನು ಯಾರೂ, ಯಾವ ಕಾರಣಕ್ಕೂ ರದ್ದುಪಡಿಸತಕ್ಕದ್ದಲ್ಲ.

ಸಹಿ/-
ಅಧೀಕ್ಷಕರು
(ಐದನೇ ಕಲಮಿನ ಅಧಿಕಾರಿ)

ಪ್ರತಿಗಳು:
೧. ಮುಖ್ಯೋಪಾಧ್ಯಾಯರಿಗೆ, ಒಂದು ಲೋಟ ನೀರು ಕುಡಿದು ಸುಧಾರಿಸಿಕೊಳ್ಳಲು.
೨. ಕಡಲ ಪ್ರಾಣಿಗಳ ತಜ್ಞೆಗೆ, ಮಾಹಿತಿಗಾಗಿ. ಮೊದಲ ನಾಲ್ಕು ಕಲಂಗಳನ್ನು ಓದಬೇಕಾಗಿಲ್ಲ.
೩. ಅಧೀಕ್ಷಕರ ಮನೆಯವರಿಗೆ. (ಈ ಪ್ರತಿಯನ್ನು ಕಳುಹಿಸಬಾರದು.)
೪. ಐದನೇ ತರಗತಿಗೆ. ಕನಸು ಅರ್ಧಕ್ಕೇ ನಿಂತಿದೆ. ಬುಧವಾರ ಊಟದ ನಂತರ ಮುಗಿಸಲು ಪ್ರಯತ್ನಿಸಲಾಗುವುದು. ಆ ವೇಳೆ ಕಿಟಕಿಯ ಬಳಿ ಸದ್ದು ಮಾಡದೆ ನಿಲ್ಲುವಂತೆ ಕೋರಲಾಗಿದೆ.